ಹೊಸ್ತಿಲು ದಾಟಿದ ಹಳದಿ

ಒಂದು ಊರಿತ್ತು. ಅದರ ಹೆಸರು ಹೇಳಿದರೆ ಓದುವವರಲ್ಲಿ ಯಾರಾದರೊಬ್ಬರು ಬಸ್ಸು ಹುಡುಕಿಕೊಂಡು ಹೊರಟೇಬಿಡುತ್ತಾರೆ, ಅಲ್ಲಿಗೆ ಬಸ್ಸಿಲ್ಲ. ಆದ್ದರಿಂದ ಹೆಸರು ಹಾಗಿರಲಿ, ಊರಿನ ಕಟ್ಟಳೆ ತಿಳಿದರೆ ಸಾಕು.

ಕಟ್ಟಳೆ ಇದು. ಚಳಿ ಮುಗಿದು ಮಾವು ಹೂ ಬಿಡುವ ಹೊತ್ತಿಗೆ ಆ ಊರಿಗೆ ಬಣ್ಣದ ಬೆಳಗು ಅಂತ ಒಂದು ದಿನ ಬರುತ್ತದೆ. ಅಂದು ಪ್ರತಿಯೊಂದು ಮನೆಯವರೂ ತಮ್ಮ ಪ್ರಿಂಟರನ್ನು ಜಗಲಿಗೆ ತಂದು, ಒಂದೇ ಒಂದು ಹಾಳೆ ಮುದ್ರಿಸಿ, ಬಾಗಿಲ ನೆತ್ತಿಗೆ ತೂಗುಹಾಕಬೇಕು. ಡಂಗುರದವನು ಮೂರು ಪೆಟ್ಟು ಬಾರಿಸುತ್ತಾನೆ. ಮೂರನೆಯ ಪೆಟ್ಟಿಗೆ ಹಾಳೆಯ ಮೇಲೆ ಯಾವ ಬಣ್ಣಗಳಿವೆಯೋ ಅವು ಮನೆಯೊಳಗೆ ಇಳಿಯುತ್ತವೆ, ಮುಂದಿನ ಬಣ್ಣದ ಬೆಳಗಿನವರೆಗೆ ಅಲ್ಲೇ ವಾಸ. ಹಾಳೆಯಲ್ಲಿ ಹಸಿರಿಲ್ಲವೋ, ಆ ಮನೆಯ ವೀಳ್ಯದೆಲೆ ವರ್ಷಪೂರ್ತಿ ಬೂದಿ. ಕೆಂಪಿಲ್ಲವೋ, ಕುಂಕುಮವೂ ಬೂದಿ. ಡಂಗುರದವನು ಕೂಗುವುದೂ ಅಷ್ಟೇ: ಹಾಳೆಗೆ ಬಂದದ್ದು ಮನೆಗೆ, ಹಾಳೆಗೆ ಬಾರದ್ದು ಬೂದಿಗೆ.

ಈ ಕಟ್ಟಳೆಗೊಂದು ಬಾಲವೂ ಇತ್ತು. ಒಂದು ಮನೆಗೆ ಒಂದೇ ಪ್ರಿಂಟರು, ಒಂದೇ ಆಯ್ಕೆ. ತಪ್ಪು ಆರಿಸಿದರೆ ತಪ್ಪಿನ ಜೊತೆಗೇ ಬಾಳ್ವೆ. ಎರಡನೆಯ ಸಲ ಪ್ರಿಂಟರಿಗೆಂದು ಪೇಟೆಗೆ ಹೋದರೆ ಅಂಗಡಿಯವರು ಮುಖ ಎತ್ತಿ ನೋಡುವುದಿಲ್ಲ. ಕಚೇರಿಯಲ್ಲಿ ದುಡಿಯುವವರಿಗಂತೂ ಆ ಒಂದು ಆಯ್ಕೆಯೂ ಇರಲಿಲ್ಲ. ಅವರ ಮನೆಗೆ ಕಚೇರಿಯ ಯಂತ್ರದಿಂದಲೇ ಹಾಳೆ ಬರಬೇಕು. ಕಚೇರಿಯ ಯಂತ್ರಕ್ಕೆ ಕಪ್ಪು ಬಿಟ್ಟರೆ ಬೇರೆ ಬಣ್ಣ ಗೊತ್ತಿಲ್ಲ.

ಆ ಊರಿನಲ್ಲಿ ಮೂವತ್ತೆಂಟು ವರ್ಷ ಕಚೇರಿಯಲ್ಲಿ ಕೂತು ಎದ್ದ ಒಬ್ಬರಿದ್ದರು. ನಿವೃತ್ತರಾದ ದಿನದಿಂದ ಊರು ಅವರನ್ನು ನಿವೃತ್ತರು ಎಂದೇ ಕರೆಯಿತು. ಅವರ ಮನೆಯಾಕೆ ಬಂದದ್ದು ಹಳದಿ ತುಂಬಿದ ತವರಿನಿಂದ. ಮದುವೆಯಾಗಿ ಹೊಸ್ತಿಲು ದಾಟಿದ ಗಳಿಗೆಯಲ್ಲಿ ಅರಿಶಿನ ಹಚ್ಚಿದ ಕೈ ಬೂದಿಯಾಯಿತು, ಕೊರಳಿನ ದಾರ ಬೂದಿಯಾಯಿತು, ಉಟ್ಟ ಸೀರೆ ಅಂಚಿನಿಂದ ಸೆರಗಿನವರೆಗೆ ಬೂದಿಯಾಯಿತು. ಆಕೆ ಒಂದು ಸಲ ಕೈ ತಿರುಗಿಸಿ ನೋಡಿಕೊಂಡಳು, ಒಳಗೆ ಹೋಗಿ ಒಲೆ ಹಚ್ಚಿದಳು. ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಆ ಮಾತೆತ್ತಲಿಲ್ಲ. ಆದರೆ ಸಂತೆಯಿಂದ ನಿಂಬೆಹಣ್ಣು ತಂದಾಗ ಹೊಸ್ತಿಲಿನ ಆಚೆಗೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಹಣ್ಣನ್ನು ನೋಡುತ್ತಿದ್ದಳು. ಆಮೇಲೆ ದಾಟುತ್ತಿದ್ದಳು. ಇದನ್ನು ನಿವೃತ್ತರು ಮೂವತ್ತೆಂಟು ವರ್ಷವೂ ನೋಡಿದ್ದರು, ನೋಡದ ಹಾಗೆ ಪತ್ರಿಕೆ ಮಡಿಸಿದ್ದರು.

ನಿವೃತ್ತಿಯ ದಿನ ಕಚೇರಿಯವರು ಹಾಕಿದ ಚೆಂಡುಹೂವಿನ ಹಾರ ಹೊಸ್ತಿಲಲ್ಲಿ ಬೂದಿಯಾದಾಗ ಆಕೆ ಮೊದಲ ಬಾರಿಗೆ ಬಾಯಿ ಬಿಟ್ಟಳು.

“ರೀ, ಇನ್ನು ನಾವೇ ಆರಿಸಬಹುದಲ್ಲ?”

“ಆರಿಸೋಣ. ಯಾವ ಬಣ್ಣ ಬೇಕು ಹೇಳು.”

“ಹಳದಿ ಬಂದರೆ ಸಾಕು. ಮಿಕ್ಕದ್ದು ಬಂದರೂ ಬೇಡ ಅನ್ನಲ್ಲ.”

ನಿವೃತ್ತರು ಆ ಗಳಿಗೆಯಲ್ಲಿ ಕೊಟ್ಟ ಮಾತು ಸಣ್ಣದಾಗಿರಲಿಲ್ಲ. ಆಯ್ಕೆ ಒಂದೇ. ಅದು ತಪ್ಪಿದರೆ ಹಳದಿ ಎಂಬುದು ಆಕೆಗೆ ಈ ಜನ್ಮಕ್ಕೆ ಹೊಸ್ತಿಲಿನ ಆಚೆಯ ಸಂಗತಿ.

ಅವರು ಪ್ರಿಂಟರು ಆರಿಸುತ್ತಾರಂತೆ ಎಂಬ ಸುದ್ದಿ ಬೀದಿಗೆ ಬಿದ್ದದ್ದೇ ತಡ, ಉಪದೇಶ ಮಾಡದವರೇ ಇಲ್ಲ. ಎಲ್ಲರಿಗಿಂತ ಹೆಚ್ಚು ಹೇಳಿದವರು ಎದುರುಮನೆಯವರು. ಅವರ ಮನೆಯದು ಪಟ್ಟೆ ಪಟ್ಟೆ ಬಣ್ಣ. ಗೋಡೆ ಪಟ್ಟೆ, ಪಂಚೆ ಪಟ್ಟೆ, ಹೆಂಡತಿಯ ಹಣೆಯ ಬೊಟ್ಟಿಗೂ ನಡುವೆ ಒಂದು ಬೂದಿ ಗೆರೆ. ಹಾಳೆ ಪ್ರತಿವರ್ಷ ಹಾಗೇ ಬರುತ್ತಿತ್ತು, ಒಂದು ಗೆರೆ ಬಣ್ಣ, ಒಂದು ಗೆರೆ ಖಾಲಿ. ಪಟ್ಟೆ ಬರುವುದು ಹಳೆಯ ಮನೆತನಗಳ ಲಕ್ಷಣ ಎಂದು ಅವರು ಊರಿಗೆಲ್ಲ ನಂಬಿಸಿದ್ದರು, ತಾವೂ ನಂಬಿದ್ದರು. ದೊಡ್ಡ ಯಂತ್ರ ತನ್ನಿ, ರೇಷ್ಮೆಯ ಮುಸುಕು ಹಾಕಿ, ದಿನಾ ಊದುಬತ್ತಿ ಹಚ್ಚಿ, ಬಣ್ಣದ ಬೆಳಗಿನವರೆಗೆ ಮುಟ್ಟಬೇಡಿ, ಮುಟ್ಟಿದರೆ ಮೈಲಿಗೆ ಎಂಬುದು ಅವರ ಉಪದೇಶ. ಊರಿನಲ್ಲಿ ನಡೆಯುತ್ತಿದ್ದದ್ದೂ ಅದೇ. ಒಳ್ಳೆಯದನ್ನು ಹಬ್ಬಕ್ಕೆಂದು ಎತ್ತಿಡುವ ಜನ.

ಗಂಡಹೆಂಡಿರು ಪೇಟೆಗೆ ಹೋದರು. ಪ್ರಿಂಟರ್ ಪೇಟೆ ಒಂದು ಉದ್ದನೆಯ ಗಲ್ಲಿ.

ಮೊದಲನೆಯದು ಪುಡಿಯ ಅಂಗಡಿ. ಅಲ್ಲಿಯ ಯಂತ್ರ ಬೀರುವಿನಷ್ಟು ಎತ್ತರ. ಬಣ್ಣದ ಪುಡಿಯನ್ನು ಹಾಳೆಯ ಮೇಲೆ ಸುಟ್ಟು ಕೂರಿಸುತ್ತದೆ, ಒಂದು ಕೆಮ್ಮು ಕೆಮ್ಮುವಷ್ಟರಲ್ಲಿ ಹತ್ತು ಹಾಳೆ ಉಗುಳುತ್ತದೆ. ವರ್ಷ ಬಿಟ್ಟು ಎಬ್ಬಿಸಿದರೂ ಹೀಗೇ ಏಳುತ್ತದೆ ಎಂದು ಅಂಗಡಿಯವನು ಗುಂಡಿ ಒತ್ತಿ ತೋರಿಸಿದ. ಗಲ್ಲಿಯ ದೀಪಗಳೆಲ್ಲ ಒಂದು ಸಲ ಕುಗ್ಗಿ ಮತ್ತೆ ಎದ್ದವು. ನಿವೃತ್ತರಿಗೆ ಆ ಗತ್ತು ಹಿಡಿಸಿತು. ಕಚೇರಿಯಲ್ಲಿ ಇಂಥದ್ದೊಂದು ಇದ್ದಿದ್ದರೆ ತಮ್ಮ ಅರ್ಧ ಆಯುಷ್ಯ ಉಳಿಯುತ್ತಿತ್ತು ಎಂದು ಅಂಗಡಿಯವನಿಗೆ ಕಚೇರಿಯ ಎರಡು ಕಥೆ ಹೇಳಿದರು. ಮನೆಯಾಕೆ ಮಾತ್ರ ಆ ಯಂತ್ರ ಮುದ್ರಿಸಿದ ಮಾವಿನಹಣ್ಣಿನ ಹಾಳೆಯನ್ನು ಬೆಳಕಿಗೆ ಹಿಡಿದು, ವಾಲಿಸಿ, ಕೆಳಗಿಟ್ಟಳು.

“ಈ ಹಣ್ಣಿನ ಮೇಲೆ ನೊಣ ಕೂರಲ್ಲ ಕಣ್ರೀ.”

ಅಷ್ಟೇ ಮಾತು. ಮುಂದಕ್ಕೆ ನಡೆದರು.

ಎರಡನೆಯದು ಪುಕ್ಕಟೆಯ ಅಂಗಡಿ. ಅಲ್ಲಿ ಯಂತ್ರವನ್ನು ತಾಂಬೂಲದ ಜೊತೆ ಕೈಗೇ ಇಡುತ್ತಿದ್ದರು, ತೆಗೆದುಕೊಂಡು ಹೋಗಿ ಸಾಕು ಎನ್ನುತ್ತಿದ್ದರು. ಪುಟ್ಟದು, ಚೆಂದದ್ದು, ಒಳಗೆ ನಾಲ್ಕು ಪುಟಾಣಿ ಡಬ್ಬಿ ಶಾಯಿ. ನಿವೃತ್ತರು ಡಬ್ಬಿಯನ್ನು ಎತ್ತಿ ಅಲುಗಾಡಿಸಿದರು. ಹೆಬ್ಬೆರಳಿನಷ್ಟೂ ಇಲ್ಲ. ಇದರಲ್ಲಿ ನೀಲಿಯೊಂದೇ ಮುಗಿದರೆ ಏನು ಗತಿ ಎಂದು ಕೇಳಿದರು. ಯಂತ್ರ ನಿಲ್ಲುತ್ತದೆ ಎಂದ ಅಂಗಡಿಯವನು. ನೀಲಿ ಮುಗಿದರೆ ಹಳದಿಯಾದರೂ ಬರುತ್ತದೋ ಎಂದರು. ಬರುವುದಿಲ್ಲ, ನಾಲ್ಕೂ ಇದ್ದರೇನೇ ಅದಕ್ಕೆ ಮನಸ್ಸು, ಹೊಸ ಡಬ್ಬಿಗೆ ನಮ್ಮ ಅಂಗಡಿಗೇ ಬರಬೇಕು, ನಮ್ಮ ಅಂಗಡಿ ನಮಗೆ ಮನಸ್ಸಾದಾಗ ತೆರೆಯುತ್ತದೆ ಎಂದ. ಒಬ್ಬ ರಜೆ ಹಾಕಿದ ಅಂತ ಮಿಕ್ಕ ಮೂವರೂ ಕೈಕಟ್ಟಿ ಕೂರುವುದನ್ನು ನಿವೃತ್ತರು ಮೂವತ್ತೆಂಟು ವರ್ಷ ಕಂಡವರು. ಅದನ್ನು ಮನೆಗೂ ಕರೆದೊಯ್ಯುವುದೇ? ತಾಂಬೂಲವನ್ನು ಮಾತ್ರ ತೆಗೆದುಕೊಂಡು ಕೈಮುಗಿದರು.

ಮೂರನೆಯದು ಗಲ್ಲಿಯ ಕೊನೆ. ಅಲ್ಲೊಬ್ಬ ಮುದುಕಿ. ಅವಳ ಯಂತ್ರಕ್ಕೆ ತಲೆಯ ಮೇಲೆ ಒಂದು ಗಾಜು. ಗಾಜಿನ ಮೇಲೆ ಏನನ್ನಿಟ್ಟರೂ ಅದರ ಪಡಿಯಚ್ಚು ಹಾಳೆಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಒಳಗಿನದೆಲ್ಲ ಕಾಣುವ ನಾಲ್ಕು ಹೊಟ್ಟೆ: ಆಕಾಶನೀಲಿ, ಕಣಗಿಲೆಗೆಂಪು, ಹಳದಿ, ಕಪ್ಪು. ಖಾಲಿಯಾದದ್ದಕ್ಕೆ ಸೀಸೆಯಿಂದ ನಾವೇ ಸುರಿದುಕೊಳ್ಳಬಹುದು. ಮುದುಕಿ ತನ್ನ ಯಂತ್ರವನ್ನು ಹೊಗಳಲಿಲ್ಲ, ಎದ್ದೂ ನಿಲ್ಲಲಿಲ್ಲ. ನಿಮಿಷಕ್ಕೆ ಎಷ್ಟು ಹಾಳೆ ಎಂದು ಕೇಳಿದ ನಿವೃತ್ತರಿಗೆ ಅವಳೇ ತಿರುಗಿ ಕೇಳಿದಳು: ದಿನಕ್ಕೆ ಎಷ್ಟು ಹಾಳೆ ಕೆಲಸ ಕೊಡುತ್ತೀರಿ?

ದಿನಕ್ಕೆಲ್ಲಿಂದ, ವರ್ಷಕ್ಕೆ ಒಂದು ಎಂದರು ನಿವೃತ್ತರು, ಬಲು ಹೆಮ್ಮೆಯಿಂದ.

“ಹಂಗಾದ್ರೆ ಕೊಡಾಕಿಲ್ಲ,” ಎಂದಳು ಮುದುಕಿ. “ಇದು ದಿನಾ ಬಾಯಾಡಿಸೋ ಪ್ರಾಣಿ ಯಜಮಾನ್ರೇ. ಸುಮ್ಕೆ ಕೂರ್ಸಿದ್ರೆ ಬಾಯಿ ಒಣಗ್ತದೆ. ಹಬ್ಬಕ್ಕೊಂದು ಕಿತ ಮಾತಾಡ್ಸೋರಿಗೆ ಇದು ಆಗಿಬರಲ್ಲ.”

ನಿವೃತ್ತರಿಗೆ ಮುಖಭಂಗವಾಯಿತು. ಕೊಳ್ಳಲು ಬಂದವರಿಗೆ ಮಾರುವುದಿಲ್ಲ ಎನ್ನುವ ಅಂಗಡಿಯನ್ನು ಅವರು ಕಂಡಿರಲಿಲ್ಲ. ಹೊರಡು ಎಂದು ಹೆಂಡತಿಯತ್ತ ತಿರುಗಿದರೆ, ಆಕೆ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು. ಹೊಸ್ತಿಲಿನ ಆಚೆ ನಿಲ್ಲುತ್ತಿದ್ದಳಲ್ಲ, ಹಾಗೆ.

“ದಿನಾ ಕೆಲಸ ನಾನು ಕೊಡ್ತೀನಿ,” ಎಂದಳು.

ಮುದುಕಿ ಯಂತ್ರವನ್ನು ಆಕೆಯ ಕೈಗೆ ಕೊಟ್ಟಳು, ನಿವೃತ್ತರ ಕೈಗಲ್ಲ. ಕೊಡುವಾಗ ಇನ್ನೊಂದು ಮಾತು ಹೇಳಿದಳು: ಎಂದಾದರೂ ಬಾಯಿ ಒಣಗಿದರೆ ಗದರಿಸಬೇಡ ತಾಯಿ, ಗದರಿಸಿದಷ್ಟೂ ಹೊಟ್ಟೆಯಲ್ಲಿರುವುದನ್ನೆಲ್ಲ ತಾನೇ ಕುಡಿಯುತ್ತದೆ, ಚೂರು ಕೆಲಸ ಕೊಡು, ಚೂರು ಸುಮ್ಮನಿರು.

ಹೀಗೆ ಆಯ್ಕೆ ಆಯಿತು. ಒಂದೇ ಆಯ್ಕೆ, ಆಗಿಹೋಯಿತು. ಬಣ್ಣದ ಬೆಳಗಿಗೆ ಇನ್ನೂ ಎಂಟು ತಿಂಗಳು.

ಊರಿನಲ್ಲೆಲ್ಲ ಪ್ರಿಂಟರು ಒಳಕೋಣೆಯಲ್ಲಿದ್ದರೆ ಇವರದು ಜಗಲಿಯಲ್ಲೇ ಉಳಿಯಿತು. ಮನೆಯಾಕೆಯ ಲೆಕ್ಕಾಚಾರ ಸರಳ. ಹೊಸ್ತಿಲು ದಾಟಿದರೆ ತರಕಾರಿ ಬೂದಿ. ಹಾಗಾದರೆ ದಾಟುವ ಮೊದಲೇ ಗಾಜಿನ ಮೇಲಿಡಬೇಕು. ಶಾಯಿಗೆ ಮಾತ್ರ ಊರಿನ ಕಟ್ಟಳೆ ತಾಗುವುದಿಲ್ಲವಾದ್ದರಿಂದ ಹಾಳೆ ಒಳಗೆ ಬಂದರೂ ಬಣ್ಣ ಉಳಿಯುತ್ತದೆ. ಹೀಗೆ ದಿನಕ್ಕೊಂದು ಹಾಳೆ. ಒಂದು ದಿನ ಬದನೆಕಾಯಿ, ಒಂದು ದಿನ ಟೊಮೇಟೊ, ಒಂದು ದಿನ ಕೊತ್ತಂಬರಿ ಕಟ್ಟು. ಹಾಳೆಯನ್ನು ಒಲೆಯ ಹಿಂದಿನ ಗೋಡೆಗೆ ಅಂಟಿಸಿ, ಬೂದಿ ಸಾರನ್ನು ಬಡಿಸುತ್ತಾ, ಇವತ್ತು ನೀವು ಉಣ್ಣುತ್ತಿರುವುದು ಈ ಬಣ್ಣ ಎಂದು ಸೌಟಿನಿಂದ ತೋರಿಸುತ್ತಿದ್ದಳು. ನಿವೃತ್ತರು ಗೋಡೆ ನೋಡಿಕೊಂಡು ಉಣ್ಣುತ್ತಿದ್ದರು, ಎರಡು ಸಲ ಹೆಚ್ಚು ಬಡಿಸಿಕೊಳ್ಳುತ್ತಿದ್ದರು. ನಿಂಬೆಹಣ್ಣಿನ ಹಾಳೆ ಬಂದ ದಿನ ಆಕೆ ಅದನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದಳು. ಸಮಾಧಾನವಾಯಿತೇ ಎಂದು ಕೇಳಿದರೆ, ತವರಿನವರ ಫೋಟೊ ಇದ್ದ ಹಾಗೆ, ನೋಡಬಹುದು, ಮಾತಾಡಿಸೋಕಾಗಲ್ಲ ಎಂದಳು.

ಎದುರುಮನೆಯವರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಜಗಲಿಗೆ ಬಂದು, ನಾಲ್ಕು ಹೊಟ್ಟೆಗಳನ್ನೂ ಬಗ್ಗಿ ನೋಡಿದರು.

“ಏನು ಸ್ವಾಮಿ, ಬದನೆಕಾಯಿಗೆಲ್ಲ ಬಣ್ಣ ಸುರೀತಿದ್ದೀರಲ್ಲ. ಹಳದಿ ನೋಡಿ ಎಷ್ಟು ಇಳಿದಿದೆ. ಬಣ್ಣದ ಬೆಳಗಿಗೆ ಏನು ಮಾಡ್ತೀರಿ, ಖಾಲಿ ಪಾತ್ರೆಗೆ ಸೌಟು ಹಾಕಿ ಕೆರೀತೀರಾ?”

ಶಾಯಿ ಮುಗಿದರೆ ಸುರಿದುಕೊಳ್ಳಬಹುದು ಎಂದರು ನಿವೃತ್ತರು. ಆದರೆ ಮಾತು ಎದೆಯಲ್ಲಿ ಕೂತಿತು. ಕಚೇರಿಯ ಮನುಷ್ಯ, ಯಾವುದನ್ನು ಕಂಡರೂ ಮುಂದಕ್ಕೆಂದು ಎತ್ತಿಡುವುದೇ ಅವರಿಗೆ ಬಂದ ವಿದ್ಯೆ.

ಬಣ್ಣದ ಬೆಳಗಿಗೆ ಎರಡು ತಿಂಗಳಿರುವಾಗ ಮನೆಯಾಕೆ ತಂಗಿಯ ಮಗಳ ಬಾಣಂತನಕ್ಕೆಂದು ಹೊರಟಳು. ದಿನಕ್ಕೊಂದು ಹಾಳೆ, ಮರೆಯಬೇಡಿ ಎಂದು ಮೂರು ಸಲ ಹೇಳಿ ಹೋದಳು. ಮೊದಲ ದಿನ ನಿವೃತ್ತರು ಒಂದು ಹೀರೇಕಾಯಿ ಮುದ್ರಿಸಿದರು. ಎರಡನೆಯ ದಿನ ಹಳದಿಯ ಹೊಟ್ಟೆಯನ್ನು ನೋಡಿದರು, ಬೆರಳಿನಲ್ಲಿ ಅಳೆದರು. ಮೂರನೆಯ ದಿನ ಎದುರುಮನೆಯವರು ರೇಷ್ಮೆಯ ಮುಸುಕೊಂದನ್ನು ಉಡುಗೊರೆ ತಂದರು. ನಾಲ್ಕನೆಯ ದಿನ ನಿವೃತ್ತರು ಮುಸುಕು ಹಾಕಿದರು, ಊದುಬತ್ತಿ ಹಚ್ಚಿದರು, ಕೈಮುಗಿದರು. ಹೆಂಡತಿಯ ಹಳದಿಯನ್ನು ತಾನು ಕಾಪಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ಏಳು ವಾರ ಕಾಪಾಡಿದರು.

ಬಣ್ಣದ ಬೆಳಗಿಗೆ ಎಂಟು ದಿನ ಇರುವಾಗ ಮನೆಯಾಕೆ ಬಂದಳು. ಚೀಲದಲ್ಲಿ ತಂಗಿಯ ಊರಿನ ನಿಂಬೆಹಣ್ಣು, ಅರಿಶಿನದ ಕೊಂಬು. ಜಗಲಿಯಲ್ಲಿ ಮುಸುಕು ಕಂಡಳು. ಅದನ್ನು ತೆಗೆದು, ಮಡಿಸಿಟ್ಟು, ಗಾಜಿನ ಮೇಲೆ ಹಣ್ಣಿಟ್ಟಳು. ಯಂತ್ರ ನರಳಿತು. ಹಾಳೆ ಬಂತು. ತೊಟ್ಟಿನ ಹತ್ತಿರ ನೀಲಿಯ ಛಾಯೆ ಬಂದಿತ್ತು, ನೆರಳು ಬಂದಿತ್ತು. ಹಣ್ಣು ಇರಬೇಕಾದ ಕಡೆ ಬಿಳಿಯ ಗುಂಡು.

ಹಳದಿ ಇರಲಿಲ್ಲ.

ನಿವೃತ್ತರು ಯಂತ್ರದತ್ತ ಧಾವಿಸಿದರು. ಯಂತ್ರಕ್ಕೆ ಬಾಯಿ ತೊಳೆದುಕೊಳ್ಳುವ ಒಂದು ಗುಂಡಿಯಿತ್ತು, ಅದನ್ನು ಒತ್ತಿದರು. ಯಂತ್ರ ಗಟಗಟ ಕುಡಿಯಿತು, ಹಳದಿ ಬರಲಿಲ್ಲ. ಮತ್ತೆ ಒತ್ತಿದರು. ಮತ್ತೆ ಕುಡಿಯಿತು. ಮೂರನೆಯ ಸಲಕ್ಕೆ ಹೊಟ್ಟೆಯೊಳಗಿನ ಹಳದಿ ಎರಡು ಬೆರಳು ಇಳಿದುಹೋಯಿತು, ಹಾಳೆಯ ಮೇಲೆ ಬಿಳಿಯ ಗುಂಡು ಬಿಳಿಯ ಗುಂಡಾಗಿಯೇ ಇತ್ತು. ಎದುರುಮನೆಯವರು ಹಾಳೆ ನೋಡಿ, ನಮ್ಮಲ್ಲೂ ಹೀಗೇ ಶುರುವಾದದ್ದು, ಇನ್ನು ನೀವೂ ಹಳೆಯ ಮನೆತನವಾದಿರಿ ಎಂದು ಸಂತೈಸಿದರು. ಬಾಯಿ ಮುಚ್ಚಿದ ಬಣ್ಣ ಮತ್ತೆ ತೆರೆಯುವುದಿಲ್ಲ ಎಂಬುದು ಊರಿನ ತಿಳಿವಳಿಕೆ. ನಿವೃತ್ತರು ನಾಲ್ಕನೆಯ ಸಲ ಗುಂಡಿಯ ಮೇಲೆ ಬೆರಳಿಟ್ಟರು.

ಮನೆಯಾಕೆ ಆ ಬೆರಳು ಹಿಡಿದುಕೊಂಡಳು.

“ಗದರಿಸಬೇಡಿ ಅಂದಿದ್ದರಲ್ಲ ಆ ಅಜ್ಜಿ.”

“ಹಾಳು ಮಾಡಿದ್ದು ನಾನು,” ಎಂದರು ನಿವೃತ್ತರು. “ಉಳಿಸೋಕೆ ಹೋಗಿ ಹಾಳು ಮಾಡಿದೆ. ಮೂವತ್ತೆಂಟು ವರ್ಷ ಕಾದವಳಿಗೆ ಹೀಗೆ ಮಾಡಿದೆ ಕಣೇ.”

“ಮೂವತ್ತೆಂಟು ವರ್ಷ ನೀವು ಹಣ್ಣು ನೋಡ್ತಿದ್ದ ನನ್ನನ್ನ ನೋಡ್ತಿದ್ರಿ. ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬನ್ನಿ, ಒಂದು ಹಾಳೆ ಕೊಡಿ ಇಲ್ಲಿ.”

ಆ ದಿನ ಅವರು ಗಾಜಿನ ಮೇಲೆ ಅರಿಶಿನದ ಕೊಂಬೊಂದನ್ನಿಟ್ಟು ಒಂದೇ ಹಾಳೆ ಮುದ್ರಿಸಿದರು. ಬಿಳಿ ಬಂತು. ಸುಮ್ಮನಿದ್ದರು. ಎರಡನೆಯ ದಿನ ಒಂದು ಹಾಳೆ. ಬಿಳಿ. ಸುಮ್ಮನಿದ್ದರು. ಮೂರನೆಯ ದಿನದ ಹಾಳೆಯಲ್ಲಿ, ಕೂದಲಿನಷ್ಟು ಸಣ್ಣಗೆ, ಹಳದಿಯೋ ಕಣ್ಣಿನ ಭ್ರಮೆಯೋ ಎನ್ನುವ ಒಂದು ಗೆರೆ. ನಿವೃತ್ತರು ಎದ್ದು ಕುಣಿಯಹೊರಟರು. ಆಕೆ ಪಂಚೆಯ ತುದಿ ಹಿಡಿದು ಕೂರಿಸಿದಳು. ನಾಲ್ಕನೆಯ ದಿನ ಆ ಗೆರೆಯೂ ಇಲ್ಲ. ಐದನೆಯ ದಿನ ಎರಡು ಗೆರೆ. ಆರನೆಯ ದಿನ ಐದು. ಏಳನೆಯ ದಿನ ಕೊಂಬಿನ ಅರ್ಧ ಮೈ. ಎಂಟನೆಯ ದಿನ ಮುಕ್ಕಾಲು ಮೈ, ನಡುವೆ ನಡುವೆ ಬಾಚಣಿಗೆ ಎಳೆದ ಹಾಗೆ ಬಿಳಿಯ ಸಂದು. ಅದೇ ಹಾಳೆಯನ್ನು ತೂಗುಹಾಕಿದರೆ ಪಟ್ಟೆಯ ಹಳದಿಯಾದರೂ ಮನೆಗೆ ಬರುತ್ತಿತ್ತು, ಆದರೆ ಕಟ್ಟಳೆ ಬಿಡದು: ಬಣ್ಣದ ಬೆಳಗಿನ ಹಾಳೆ ಬಣ್ಣದ ಬೆಳಗಿನಲ್ಲೇ, ಬೀದಿಯ ಎದುರಿಗೇ ಮುದ್ರಿಸಬೇಕು. ಒಂಬತ್ತನೆಯ ದಿನ ಏನು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಒಂಬತ್ತನೆಯ ದಿನ ಬೆಳಗಾಯಿತು. ಬೀದಿಯ ಎರಡೂ ಬದಿಗೆ ಜಗಲಿ ಜಗಲಿಯಲ್ಲಿ ಪ್ರಿಂಟರುಗಳು, ರೇಷ್ಮೆಯ ಮುಸುಕುಗಳು, ಹೊಗೆ. ಮುಸುಕು ತೆಗೆದರು, ಆರತಿ ಎತ್ತಿದರು, ಗುಂಡಿ ಒತ್ತಿದರು. ಎದುರುಮನೆಯವರದು ನವಿಲಿನ ಚಿತ್ರ. ಕತ್ತಿನವರೆಗೆ ಪಟ್ಟೆ ಬಂತು, ಕತ್ತಿನಿಂದ ಮೇಲೆ ಏನೂ ಬರಲಿಲ್ಲ. ಈ ಸಲ ಪಟ್ಟೆ ಬಹಳ ಪ್ರಾಚೀನವಾಗಿದೆ ಎಂದು ಅವರು ಸುತ್ತ ನೋಡಿದರು. ಅವರ ಹೆಂಡತಿ ಹಣೆ ಮುಟ್ಟಿಕೊಂಡು ಒಳಗೆ ಹೋದಳು.

ಈ ಜಗಲಿಯಲ್ಲಿ ಆರತಿಯಿಲ್ಲ. ಮನೆಯಾಕೆ ಸಂತೆಯಿಂದ ನೇರ ತಂದದ್ದನ್ನು ಗಾಜಿನ ಮೇಲೆ ಒಂದೊಂದಾಗಿ ಜೋಡಿಸಿದಳು: ಹಸಿಮೆಣಸಿನಕಾಯಿ, ಬದನೆಕಾಯಿ, ಕನಕಾಂಬರ, ಟೊಮೇಟೊ, ಒಂದು ಚಿಟಿಕೆ ಕುಂಕುಮ, ಶಂಖಪುಷ್ಪ. ನಡುವೆ ಜಾಗ ಬಿಟ್ಟಿದ್ದಳು. ಅಲ್ಲಿ ಅರಿಶಿನದ ಕೊಂಬು, ನಿಂಬೆಹಣ್ಣು, ಒಂದು ಸೇವಂತಿಗೆ. ಒತ್ತಿ ಎಂದು ಗಂಡನಿಗೆ ಹೇಳಿದಳು. ನಿವೃತ್ತರು ಗುಂಡಿಯ ಮೇಲೆ ಬೆರಳಿಟ್ಟು ಆಕೆಯತ್ತ ತಿರುಗಿದರು. ಆಕೆ ತನ್ನ ಬೆರಳನ್ನು ಅದರ ಮೇಲಿಟ್ಟಳು, ಇಬ್ಬರೂ ಒತ್ತಿದರು.

ಯಂತ್ರ ಗೆರೆ ಗೆರೆಯಾಗಿ ಬರೆಯಿತು. ಮೆಣಸಿನಕಾಯಿ ಹಸಿರಾಗಿ ಬಂತು. ನಿವೃತ್ತರಿಗೆ ಆಗಲೇ ಅರ್ಧ ತಿಳಿಯಿತು, ಹಳದಿಯಿಲ್ಲದೆ ನೀಲಿಯೊಂದೇ ಹಸಿರಾಗಲಾರದು. ಕನಕಾಂಬರ ಬಂತು. ಬದನೆಕಾಯಿ ಬಂತು. ಹಾಳೆ ಒಂದು ಗೆರೆ ಮುಂದೆ ಸರಿಯಿತು, ಇನ್ನೊಂದು ಗೆರೆ. ನಡುವಿನ ಜಾಗ ಬಂತು. ಕೊಂಬು ಬಂತು, ನಿಂಬೆಹಣ್ಣು ಬಂತು, ಸೇವಂತಿಗೆ ಎಸಳು ಎಸಳಾಗಿ ಬಂತು. ಒಂದು ಸಂದಿಲ್ಲ, ಒಂದು ಬಿರುಕಿಲ್ಲ. ಹಳದಿ, ಹಳದಿ, ಹಳದಿ.

ತೂಗುಹಾಕಿದರು. ಮೊದಲ ಪೆಟ್ಟು ಬಿತ್ತು. ಎರಡನೆಯ ಪೆಟ್ಟು ಬಿತ್ತು. ಮೂರನೆಯ ಪೆಟ್ಟಿಗೆ ಹಾಳೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಒಳಕ್ಕೆ ಬಣ್ಣ ನಡೆದುಹೋಯಿತು. ಒಳಗೆ ಡಬ್ಬಿಗಳ ಮುಚ್ಚಳ ತೆರೆಯುವ ಮೊದಲೇ ತೊಗರಿಬೇಳೆ ಹಳದಿಯಾಯಿತು, ಸಾಸಿವೆಯ ಪಕ್ಕದ ಅರಿಶಿನ ಹಳದಿಯಾಯಿತು. ಮನೆಯಾಕೆಯ ಸೀರೆ ಅಂಚಿನಿಂದ ಶುರುವಾಗಿ ಸೆರಗಿನವರೆಗೆ ಹಳದಿಯಾಯಿತು. ಆಕೆ ಚೀಲದಿಂದ ಇನ್ನೊಂದು ನಿಂಬೆಹಣ್ಣು ತೆಗೆದುಕೊಂಡಳು. ಹೊಸ್ತಿಲಿನ ಆಚೆ ನಿಲ್ಲಲಿಲ್ಲ. ದಾಟಿದಳು, ತಿರುಗಿದಳು, ಒಳಗಿನಿಂದ ಹಣ್ಣನ್ನು ಎತ್ತಿ ತೋರಿಸಿದಳು.

ನಿವೃತ್ತರು ಮುಖ ಒರೆಸಿಕೊಳ್ಳಲು ಹೋಗಿ ಟವೆಲ್ಲಿನ ಬಣ್ಣ ನೋಡುತ್ತಾ ನಿಂತುಬಿಟ್ಟರು. ಅದು ನೀಲಿ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಎದುರುಮನೆಯವರು ಬೀದಿ ದಾಟಿ ಬಂದರು. ಪಟ್ಟೆ ಪಂಚೆ, ಕೈಯಲ್ಲಿ ತಲೆಯಿಲ್ಲದ ನವಿಲು. ಏನು ಪೂಜೆ ಮಾಡಿದಿರಿ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಪೂಜೆ ಬಿಟ್ಟದ್ದೇ ಎಂದರು ನಿವೃತ್ತರು, ಮತ್ತು ಬದನೆಕಾಯಿಯಿಂದ ಹಿಡಿದು ತಮ್ಮ ಏಳು ವಾರದ ಬುದ್ಧಿಗೇಡಿತನದವರೆಗೆ ಒಂದನ್ನೂ ಬಿಡದೆ ಹೇಳಿದರು. ನಾಳೆ ಬೆಳಿಗ್ಗೆ ಒಂದು ಹಾಳೆ ಕೊಡಿ, ಸುಮ್ಮನಿರಿ, ನಾಡಿದ್ದು ಇನ್ನೊಂದು ಕೊಡಿ, ಸುಮ್ಮನಿರಿ ಎಂದರು. ಎದುರುಮನೆಯವರು ತಮ್ಮ ಜಗಲಿಗೆ ಹೋಗಿ, ಮುಸುಕು ತೆಗೆದು ಹೆಗಲಿಗೆ ಹಾಕಿಕೊಂಡು, ಯಂತ್ರದ ಪಕ್ಕದಲ್ಲೇ ಕೂತರು.

ಬಣ್ಣ ಇಳಿದ ಮೇಲೆ ಡಂಗುರದವನು ಪ್ರತಿ ಮನೆಯ ಮುಂದೆ ನಿಂತು ಆ ಮನೆಯ ಬಣ್ಣವನ್ನು ಕೂಗುವುದು ಪದ್ಧತಿ. ಕಚೇರಿಯ ಮನೆಗಳನ್ನು ಅವನು ನಡೆಯುತ್ತಲೇ ಕೂಗಿ ದಾಟುತ್ತಿದ್ದ. ಇಲ್ಲಿ ನಿಂತ. ಒಳಗೆ ನೋಡಿದ, ತಲೆ ಕೆರೆದುಕೊಂಡ. ಹಳದಿಯಲ್ಲಿ ಎಷ್ಟೋ ಬಗೆ ಕೂಗಿದ್ದ, ಇದಕ್ಕೆ ಹೆಸರು ಸಿಗಲಿಲ್ಲ. ತವರಿನದೇ ಹಳದಿ ಅನ್ನಲೇ ತಾಯಿ ಎಂದು ಕೇಳಿದ.

ಮನೆಯಾಕೆ ಗೋಡೆ ನೋಡಿದಳು, ಕೈ ನೋಡಿಕೊಂಡಳು, ಗಂಡನ ಮುಖ ನೋಡಿದಳು.

“ಅಲ್ಲಪ್ಪ, ಅದು ಬೇರೆ. ಇದು ನಮ್ಮಿಬ್ಬರದು. ಹಾಗೇ ಕೂಗು.”

ಡಂಗುರದವನು ಹಾಗೇ ಕೂಗಿದ. ಬೀದಿಯ ಎರಡು ತುದಿಗೂ ಕೇಳಿಸಿತು. ಅವನು ಮುಂದಿನ ಮನೆಗೆ ಹೆಜ್ಜೆ ಎತ್ತಿದಾಗ ನಿವೃತ್ತರು ಜಗಲಿಯಿಂದಿಳಿದು ಅವನ ಭುಜ ಹಿಡಿದರು.

“ಇನ್ನೊಂದು ಸಲ ಕೂಗು.”

“ಯಾಕೆ ಬುದ್ಧಿ, ಕೇಳಿಸಲಿಲ್ಲವಾ?”

“ಕೇಳಿಸ್ತು ಕಣಯ್ಯ,” ಎಂದರು ನಿವೃತ್ತರು. “ಅದಕ್ಕೇ.”